ಇನ್ನೊಮ್ಮೆ ಹೇಳು, ಕ್ರಿಸಾಂತಾ

ನಾನು ಹಲ್ಲಿನ ಡಾಕ್ಟರು. ದಾವಾವೊ ಪೇಟೆಯಲ್ಲಿ
ಇಸ್ತ್ರಿ ಅಂಗಡಿಯ ಮೇಲಿನ ಮಹಡಿ.
ಆ ರಾತ್ರಿ ಯಾರ ಕಷ್ಟಕ್ಕೂ ಕಿವಿಗೊಟ್ಟು ಕೂತವನಲ್ಲ;
ನಿದ್ದೆ ಬರಲಿಲ್ಲ. ಜಕಾರ್ತದ ಗೆಳೆಯ ಸಿಕ್ಕರೆ
ಅವನ ಟೊಮೇಟೊ ಗಿಡದ ಹುಳುವಿನ ಬಗ್ಗೆ
ಎರಡು ಮಾತಾಡೋಣವೆಂದು ಗುಂಡಿ ತಿರುಗಿಸುತ್ತಿದ್ದೆ.

ಬಾಣಲೆಯಲ್ಲಿ ಬೆಳ್ಳುಳ್ಳಿ ಹುರಿಯುವಂಥ ಗೊರಗೊರ.
ಅದರ ಅಡಿಯಲ್ಲಿ, ಬಾವಿಗೆ ಬಿದ್ದ ಚಮಚದ ಹಾಗೆ
ಆಗೊಮ್ಮೆ ಈಗೊಮ್ಮೆ ಮಿಂಚುವ ಹೆಣ್ಣುದನಿ:
ಯಾರಾದರೂ ಇದ್ದೀರಾ. ಕತಂದುವಾನೆಸ್. ಯಾರಾದರೂ.

ಇದ್ದೇನೆ, ಅಂದೆ.
ಏಳುನೂರು ಚಿಲ್ಲರೆ ಕಿಲೋಮೀಟರಿನಾಚೆ
ಅವಳು ಅಳಲಿಲ್ಲ, ದೇವರನ್ನು ಕರೆಯಲಿಲ್ಲ.
ಕಾಗದ ತಗೊಳ್ಳಿ, ಅಂದಳು.

ದೋಣಿ ಎಂಜಿನ್ನುಗಳ ರಿಪೇರಿಯವಳು, ಕ್ರಿಸಾಂತಾ.
ಶಾಲೆಯ ಸೂರು ಹಾರಿದೆ, ಮೊಬೈಲಿನ ಗೋಪುರ
ಒಂಟೆಯಂತೆ ಮಂಡಿಯೂರಿದೆ.
ಅವಳ ತಂತಿಯ ಒಂದು ತುದಿ ತಲೆ ಹೋದ ತೆಂಗಿಗೆ,
ಇನ್ನೊಂದು ಚರ್ಚಿನ ಕಿಟಕಿಗೆ,
ಅಬಾಕಾ ನಾರಿನ ಹಗ್ಗದಲ್ಲಿ ಬಿಗಿದದ್ದು.
ಬ್ಯಾಟರಿ, ಪಕ್ಕದ ಮನೆಯವನ ಟ್ರೈಸಿಕಲ್ಲಿನದು.

ವಿರಾಕ್ ಪಟ್ಟಣ ಅವಳಿಗೆ ಮೂವತ್ತೇ ಕಿಲೋಮೀಟರು.
ಅಲ್ಲಿ ಪೊಲಿಕಾರ್ಪೊ, ಮೇಣದಬತ್ತಿಯ ಬೆಳಕಲ್ಲಿ,
ಅದೇ ಅಲೆಯ ಮೇಲೆ, ಅವಳನ್ನೇ ಕೂಗುತ್ತಿದ್ದ.
ಅವನಿಗೆ ಅವಳು ಕೇಳಳು, ಅವಳಿಗೆ ಅವನು ಕೇಳ.
ಹೀಗೂ ಉಂಟು: ದನಿ ಮೇಲಕ್ಕೆ ಜಿಗಿದು
ಆಕಾಶದ ಅಟ್ಟಕ್ಕೆ ತಲೆ ಬಡಿದುಕೊಂಡು
ನೆರೆಮನೆಯ ಅಂಗಳವನ್ನು ಹಾರಿ
ಗುರುತಿಲ್ಲದವನ ಮಹಡಿಗೆ ಬಂದು ಬೀಳುತ್ತದೆ.

ಅವಳಂದದ್ದನ್ನು ಅವನಿಗೆ ಅಂದೆ, ಅವನಂದದ್ದನ್ನು ಅವಳಿಗೆ.
ಒಂದೇ ದ್ವೀಪದ ಇಬ್ಬರು
ಸಮುದ್ರಗಳನ್ನು ಸುತ್ತಿಕೊಂಡು ಮಾತಾಡಿದರು, ನನ್ನ ಬಾಯಲ್ಲಿ.

ಅಕ್ಕಿ ಚೀಲ, ಫಿಫ್ಟೀನ್ ಅಂದಳೋ ಫಿಫ್ಟಿ ಅಂದಳೋ?
ಬಿಡಿಸಿ ಹೇಳು. ಐದು, ಸೊನ್ನೆ. ಐದು, ಸೊನ್ನೆ.
ಸರಿ. ಮುಂದೆ.
ಮುಂದೆ, ಬದುಕಿರುವವರ ಪಟ್ಟಿ. ನಲವತ್ತೊಂದು ಹೆಸರು,
ಒಂದೊಂದೂ ಅಕ್ಷರ ಅಕ್ಷರವಾಗಿ.
ಬ್ಯಾಟರಿ ಇಳಿಯುತ್ತಿತ್ತು, ದನಿ ಸವೆಯುತ್ತಿತ್ತು.
ಇಪ್ಪತ್ತಮೂರನೆಯದು:
ಡೆಲ್ಟಾ, ಎಕೋ, ಲೀಮಾ, ಫಾಕ್ಸ್‌ಟ್ರಾಟ್,
ಇಂಡಿಯಾ, ನವೆಂಬರ್...
ಮಿಂಚು ಸಿಡಿಯಿತು. ಡೆಲ್ಫಿನ್ ಎಂದು ಬರೆದುಕೊಂಡೆ.
ಇನ್ನೂ ಹದಿನೆಂಟು ಹೆಸರು ಉಳಿದಿದ್ದವು.
ಇನ್ನೊಮ್ಮೆ ಹೇಳು ಅನ್ನಲಿಲ್ಲ.

ಡೆಲ್ಫಿನ್ ಬೇರೆ, ಡೆಲ್ಫಿನಾ ಬೇರೆ.
ಅಣ್ಣತಮ್ಮಂದಿರ ಮಕ್ಕಳು, ಮನೆತನದ ಹೆಸರು ಒಂದೇ.
ವಿರಾಕಿನ ಆಶ್ರಯ ಶಿಬಿರದಲ್ಲಿ ಎರಡು ದಿನ
ಒಬ್ಬ ತಾಯಿ, ಇದ್ದ ಮಗಳಿಗೆ ಮೇಣದಬತ್ತಿ ಹಚ್ಚಿದಳು;
ಅದೇ ಚಾಪೆಯ ಇನ್ನೊಂದು ಅಂಚಿನಲ್ಲಿ ಅವಳ ಓರಗಿತ್ತಿ
ಇಲ್ಲದ ಮಗನಿಗೆಂದು ಅನ್ನ ಎತ್ತಿಟ್ಟಳು.

ತಿಂಗಳಾದ ಮೇಲೆ ಮನಿಲಾದಿಂದ ಒಬ್ಬ ಅಧಿಕಾರಿ,
ಒಳ್ಳೆಯವನೇ, ಛತ್ರಿ ಮಡಚಿ ಹೊರಗಿಟ್ಟು ಬಂದ.
ಒಂದು ನಮೂನೆ ಚಾಚಿದ:
ಬಿರುಗಾಳಿಯಲ್ಲಿ ಈ ಹವ್ಯಾಸಿ ರೇಡಿಯೊವನ್ನು
ನಂಬಬಹುದೇ? ಹೌದು. ಇಲ್ಲ. ಗುರುತು ಹಾಕಿ.
ಐವತ್ತು ಚೀಲ ತಲುಪಿದ್ದವು. ನಲವತ್ತು ಹೆಸರು ಸರಿಯಿದ್ದವು.
ಪೆನ್ನು ಹಿಡಿದು ಕೂತೇ ಇದ್ದೆ,
ಹಲ್ಲುನೋವಿನ ಹುಡುಗಿ ಹೊರಗೆ ಕಾಯುತ್ತಿದ್ದಳು.
ಎರಡು ಚೌಕಗಳ ನಡುವೆ ಬರೆದೆ:
ಯಂತ್ರವನ್ನು, ಹೌದು. ನನ್ನನ್ನು, ಕೇಳಿ ನೋಡಿ.
ಅವನು ಅದನ್ನು ಯಾವ ಕಡತದಲ್ಲಿ ಸೇರಿಸಿದನೋ.

ಈಗ ಪ್ರತಿ ಗುರುವಾರ ರಾತ್ರಿ, ಗಾಳಿ ಇರಲಿ ಬಿಡಲಿ,
ನಾವು ಮೂವರೂ ಕೂರುತ್ತೇವೆ.
ಪೊಲಿಕಾರ್ಪೊ ಆಕಳಿಸುತ್ತಾನೆ, ಅದೂ ಕೇಳಿಸುತ್ತದೆ.
ಕ್ರಿಸಾಂತಾ ಹಳೆಯ ಮತದಾರರ ಪಟ್ಟಿ ಹಿಡಿದು
ಹೆಸರುಗಳನ್ನು ಬಿಡಿಸಿ ಬಿಡಿಸಿ ಓದುತ್ತಾಳೆ.
ಆ ತಪ್ಪಿನ ಮಾತು ಅವಳು ಒಮ್ಮೆಯೂ ಎತ್ತಿಲ್ಲ.

ನಿನ್ನೆ ಆಕಾಶ ತೊಳೆದಿಟ್ಟ ತಟ್ಟೆ.
ಅವಳ ಕೋಣೆಯ ಹಲ್ಲಿ ಲೊಚಗುಟ್ಟಿದ್ದೂ ಸ್ಪಷ್ಟ.
ಇನ್ನೊಮ್ಮೆ ಹೇಳು, ಅಂದೆ.
ಕೇಳಿಸಲಿಲ್ಲವೇ ಡಾಕ್ಟರೇ?
ಕೇಳಿಸಿತು. ಆದರೂ ಹೇಳು. ಕೊನೆಯ ಅಕ್ಷರ.
ಅವಳು ಒಂದು ಉಸಿರು ತಡೆದು, ಮೆಲ್ಲಗೆ,
ಆಲ್ಫಾ, ಅಂದಳು.